ನೀರು ಹಾಕಬಾರದ ಗೋಡೆ

ಇಟ್ಟಮಡು
12 ಜನವರಿ 2025

ಅಣ್ಣನಿಗೆ ಕಾತ್ಯಾಯಿನಿಯ ನಮಸ್ಕಾರ.

ನೀನು ನನ್ನ ಫೋನ್ ಎತ್ತುವುದಿಲ್ಲ, ವಾಟ್ಸಾಪಿನಲ್ಲೂ ಬ್ಲಾಕ್ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲವಾದ್ದರಿಂದ ಕಾಗದ ಬರೆಯುತ್ತಿದ್ದೇನೆ. ಇಟ್ಟಮಡುವಿನಿಂದ ಜಯನಗರಕ್ಕೆ ಆಟೋದಲ್ಲಿ ಬಂದರೆ ಅರ್ಧ ಗಂಟೆ. ಕಾಗದ ಬರಲು ಮೂರು ನಾಲ್ಕು ದಿನ ಬೇಕಂತೆ. ಇರಲಿ, ಅಷ್ಟರಲ್ಲಿ ನಿನ್ನ ಕೋಪವೂ ಸ್ವಲ್ಪ ಆರಿರುತ್ತದೆ.

ಮೊದಲು ಸುದ್ದಿ. ನನ್ನ ಸೈಟಿನ ಮಣ್ಣು ಪಾಸಾಯಿತು. ಪಾಯ ತೋಡಿದಾಗ ಬಂದ ಕೆಂಪು ಮಣ್ಣನ್ನು ಒಂದು ಹಾರ್ಲಿಕ್ಸ್ ಬಾಟಲಿಗೆ ಅರ್ಧ ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಕಿಟಕಿಯಲ್ಲಿ ಇಟ್ಟೆವು. ಬೆಳಗಾಗುವುದರಲ್ಲಿ ಮರಳು ತಳಕ್ಕೆ ಇಳಿದಿತ್ತು, ಮೇಲೆ ನುಣ್ಣನೆಯ ಜೇಡಿ ನಿಂತಿತ್ತು. ಆಮೇಲೆ ಮಣ್ಣನ್ನು ಉಂಡೆ ಮಾಡಿ ಎದೆಯ ಎತ್ತರದಿಂದ ಕೈಬಿಡಬೇಕು. ಪುಡಿಪುಡಿಯಾದರೆ ಮರಳು ಜಾಸ್ತಿ, ಚಪಾತಿಯ ಹಾಗೆ ಕೂತರೆ ಜೇಡಿ ಜಾಸ್ತಿ. ನಮ್ಮದು ನೆಲಕ್ಕೆ ಬಿದ್ದು ಎರಡು ಮೂರು ಹೋಳಾಯಿತು, ಅಷ್ಟೇ. ಸಮನ್ವಿತಾ ಚಪ್ಪಾಳೆ ತಟ್ಟಿದಳು. ಸಮನ್ವಿತಾ ಅಂದರೆ ನನ್ನ ಆರ್ಕಿಟೆಕ್ಟ್, ನೀನು "ಆ ಹುಡುಗಿ" ಅನ್ನುತ್ತೀಯಲ್ಲ, ಅವಳೇ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ನನ್ನ ಕಾಲ ಕೆಳಗಿನ ಮಣ್ಣೇ ಗೊತ್ತಿರಲಿಲ್ಲ ಅಣ್ಣ.

ಸೈಟಿನ ಎದುರು ಬೀದಿಯಲ್ಲಿ ಲಕ್ಷ್ಮಮ್ಮ ಎಂಬುವರ ಮನೆಯ ಮಹಡಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೇನೆ. ಇಲ್ಲಿಯ ಹಳೇ ಊರಿನವರು. ನಾನು ಮಣ್ಣಿನ ಮನೆ ಕಟ್ಟುತ್ತೇನೆ ಅಂದಾಗ ಅವರು ನನ್ನ ಮುಖವನ್ನೇ ನೋಡಿ, "ಅಲ್ಲಾ ಮೇಡಂ, ನಾವು ಸಾಯೋವಷ್ಟು ಕಷ್ಟಪಟ್ಟು ಮಣ್ಣಿನ ಮನೆಯಿಂದ ಈಚೆಗೆ ಬಂದ್ವಿ. ನೀವು ದುಡ್ಡು ಕೊಟ್ಟು ಒಳಕ್ಕೆ ಹೋಯ್ತೀನಿ ಅಂತೀರಲ್ಲ" ಅಂದರು. ನೀನಿದ್ದಿದ್ದರೆ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದೆ.

ದೀಪಾವಳಿಯ ದಿನ ಎಲೆಯ ಮುಂದೆ ನೀನು "ಮಣ್ಣಿನ ಮನೆ ಕಟ್ಟಿದ್ರೆ ಆ ಹೊಸಿಲು ನಾನು ತುಳಿಯಲ್ಲ" ಅಂದೆ. ನಾನೂ "ತುಳೀಬೇಡ" ಅಂದುಬಿಟ್ಟೆ. ಈಗ ಕೇಳು. ಗೃಹಪ್ರವೇಶದ ಪೂಜೆಗೆ ಕೂರುವುದು ದಂಪತಿ. ನಾನು ಮದುವೆಯೇ ಆಗಲಿಲ್ಲ, ಹಾಗಾಗಿ ಆ ಮಣೆ ನಿನ್ನದು, ಅತ್ತಿಗೆಯದು. ಬೇರೆ ಯಾರನ್ನೂ ಅಲ್ಲಿ ಕೂರಿಸುವುದಿಲ್ಲ. ನೀನು ಬರದಿದ್ದರೆ ಗೃಹಪ್ರವೇಶವೂ ಇಲ್ಲ, ಕಟ್ಟಿದ ಮನೆಗೆ ಬೀಗ ಹಾಕಿ ಈ ಬಾಡಿಗೆ ರೂಮಿನಲ್ಲೇ ಇರುತ್ತೇನೆ. ನನಗೆ ಮನೆಯೂ ಬೇಕು, ನೀನೂ ಬೇಕು. ಒಂದನ್ನು ಬಿಡು ಎಂದರೆ ನನ್ನಿಂದಾಗದು.

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಕಾತಿ

*

ಜಯನಗರ 4ನೇ ಟಿ ಬ್ಲಾಕ್
24 ಜನವರಿ 2025

ಚಿ. ಕಾತ್ಯಾಯಿನಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿದೆ. ಹಾರ್ಲಿಕ್ಸ್ ಬಾಟಲಿ ಕುಲುಕಿ ಮನೆ ಕಟ್ಟುವ ವಿದ್ಯೆಯನ್ನು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ. ಸರ್ಕಾರಿ ಇಂಜಿನಿಯರ್ ಆಗಿ ನಾನು ಕಟ್ಟಿಸಿದ ಆಸ್ಪತ್ರೆ, ಶಾಲೆ, ಸೇತುವೆಗಳು ಈಗಲೂ ನಿಂತಿವೆ. ಒಂದಕ್ಕೂ ಬಾಟಲಿ ಬೇಕಾಗಿರಲಿಲ್ಲ.

ಗೆದ್ದಲಿಗೆ ಏನು ಮಾಡಿದ್ದೀರಿ? ಮಳೆ ಇರಚಲು ಹೊಡೆದರೆ ಗೋಡೆಯ ಬುಡದ ಗತಿ ಏನು? ಆ ಹುಡುಗಿಯನ್ನು ಕೇಳು. ಅವಳ ಹತ್ತಿರ ಉತ್ತರ ಇರಲಾರದು.

ನಿನ್ನ ಕೋಣೆ ಹಾಗೇ ಇದೆ. ನಿನ್ನ ಅತ್ತಿಗೆ ದಿನವೂ ಗುಡಿಸುತ್ತಾಳೆ. ಗುಡಿಸಿ ಸ್ವಲ್ಪ ಹೊತ್ತು ಅಲ್ಲೇ ಕೂರುತ್ತಾಳೆ.

ಈ ಪತ್ರಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.

ಇತಿ,
ಅನಂತಪದ್ಮನಾಭ

*

ಇಟ್ಟಮಡು
2 ಫೆಬ್ರವರಿ 2025

ಅಣ್ಣ,

ಅಗತ್ಯವಿಲ್ಲ ಅಂದೆಯಲ್ಲ, ಅದಕ್ಕೇ ಎರಡು ಹಾಳೆ ಬರೆಯುತ್ತೇನೆ. ಇವತ್ತು ನನ್ನ ಕೈ ನಿಲ್ಲುವ ಹಾಗಿಲ್ಲ.

ಗೋಡೆ ಶುರುವಾಯಿತು. ನೆಲದಿಂದ ಎರಡಡಿ ಮೇಲಿನವರೆಗೆ ಸೈಜುಗಲ್ಲು ಕಟ್ಟಿದ್ದಾರೆ, ಅದರ ಮೇಲೆ ಮಣ್ಣು. ಮಳೆ ನೀರು ನೆಲಕ್ಕೆ ಬಿದ್ದು ಹಾರಿದರೂ ಕಲ್ಲಿಗೆ ತಾಗುತ್ತದೆಯೇ ಹೊರತು ಮಣ್ಣಿಗಲ್ಲ. ಮೇಲೆ ಮಂಗಳೂರು ಹೆಂಚಿನ ಮಾಡು ಬರುತ್ತದೆ, ಸುತ್ತಲೂ ಮೂರಡಿ ಚಾಚಿಕೊಂಡು. ಗೆದ್ದಲಿಗೆ ಬೇವಿನ ಹಿಂಡಿ, ಸುಣ್ಣ. "ಆ ಹುಡುಗಿ"ಯ ಹತ್ತಿರ ಉತ್ತರ ಇತ್ತು.

ಮಣ್ಣು ಕಲಸುವುದನ್ನು ನೀನು ನೋಡಬೇಕು. ಒಂದು ಗುಂಡಿಯಲ್ಲಿ ಮಣ್ಣು, ಭತ್ತದ ಹುಲ್ಲು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ವಾರ ಬಿಡುತ್ತಾರೆ. ಹುಳಿ ವಾಸನೆ ಬೀದಿಯ ತುದಿಯವರೆಗೂ ಬರುತ್ತದೆ. ಆಮೇಲೆ ಇಳಿದು ತುಳಿಯಬೇಕು. ಮೊದಲ ದಿನ ನಾನು ದಡದಲ್ಲಿ ನಿಂತು ಹಿಂದೆಮುಂದೆ ನೋಡಿದೆ. ಸಮನ್ವಿತಾ ಜೀನ್ಸ್ ಮಡಚಿ ಧುಮುಕಿದಳು. ನಾನು ಸೀರೆ ಎತ್ತಿ ಕಟ್ಟಿ ಇಳಿದೆ. ತಣ್ಣಗೆ ಮೀನಖಂಡದವರೆಗೂ ಏರಿತು. ಕಾಲು ಕಿತ್ತರೆ ಪಚಕ್ ಅನ್ನುತ್ತದೆ. ಅರವತ್ತೊಂದು ವರ್ಷದ ರಿಟೈರ್ಡ್ ಮೇಷ್ಟ್ರಮ್ಮ ನಡುಬೀದಿಯಲ್ಲಿ ಕುಣಿಯುತ್ತಿದ್ದಾಳೆಂದು ಜನ ಗಾಡಿ ನಿಲ್ಲಿಸಿ ನೋಡಿದರು. ನಾಚಿಕೆ ಆಗುತ್ತದೆ ಅಂದುಕೊಂಡಿದ್ದೆ, ಆಗಲೇ ಇಲ್ಲ.

ಲಕ್ಷ್ಮಮ್ಮ ಮೂರು ದಿನ ಕಾಂಪೌಂಡಿನಲ್ಲೇ ನಿಂತು ಮೂಗು ಮುರಿದರು. ನಾಲ್ಕನೇ ದಿನ, "ಥೂ, ಹಂಗಲ್ಲ ತುಳಿಯೋದು, ಹಿಮ್ಮಡಿ ಊರ್ರಿ" ಅನ್ನುತ್ತ ತಾವೇ ಇಳಿದರು. ಅವರ ಸೊಸೆ ಬಾಲ್ಕನಿಯಿಂದ ವಿಡಿಯೋ ಮಾಡಿದಳು. ಅತ್ತಿಗೆಗೆ ಕಳಿಸಿದ್ದೇನೆ, ಬೇಕಾದರೆ ಅವಳ ಫೋನಿನಲ್ಲಿ ಕದ್ದು ನೋಡು.

ತುಳಿದ ಮಣ್ಣನ್ನು ತೆಂಗಿನಕಾಯಿ ಗಾತ್ರದ ಮುದ್ದೆ ಮಾಡಿ, ಒಂದರ ಮೇಲೊಂದು ಬಡಿದು ಗೋಡೆ ಏರಿಸುತ್ತಾರೆ. ಒಂದು ಸುತ್ತಿಗೆ ಎರಡಡಿ ಎತ್ತರ, ಅಷ್ಟಕ್ಕೆ ನಿಲ್ಲಿಸಬೇಕು. ಅದು ಗಟ್ಟಿಯಾದ ಮೇಲೆ ಮುಂದಿನ ಸುತ್ತು. ಬೀದಿ ಕಡೆಯ ಅಡುಗೆಮನೆ ಗೋಡೆಯ ಮೊದಲ ಮುದ್ದೆ ನಾನಿಟ್ಟೆ. ಇಟ್ಟು ಕೈಯಿಂದ ತಟ್ಟಿ ಪಕ್ಕಕ್ಕೆ ತಿರುಗಿ ನೋಡಿದೆ. ನನ್ನ ಪಕ್ಕ ನೀನು ಇರಬೇಕಿತ್ತು. ರಾತ್ರಿ ಕಾವಲಿಗೆ ಬೈಲಪ್ಪ ಎಂಬುವನು ಸೈಟಿನಲ್ಲೇ ಶೆಡ್ ಹಾಕಿಕೊಂಡಿದ್ದಾನೆ, ಚಿಂತೆ ಮಾಡಬೇಡ.

ನಿನ್ನ ತಂಗಿ,
ಕಾತಿ

*

ಜಯನಗರ
14 ಫೆಬ್ರವರಿ 2025

ಚಿ. ಕಾತ್ಯಾಯಿನಿಗೆ ಆಶೀರ್ವಾದಗಳು.

ವಿಡಿಯೋ ನೋಡಿಲ್ಲ. ಲಕ್ಷ್ಮಮ್ಮನವರು ಹೇಳಿದ್ದು ಸರಿ, ಹಿಮ್ಮಡಿ ಊರಬೇಕು.

ಎರಡನೇ ಸುತ್ತು ಎದ್ದಿದೆ ಎಂದು ತಿಳಿಯಿತು. ಮಣ್ಣಿನದಾಗಲಿ ಮತ್ತೊಂದರದಾಗಲಿ, ಹೊಸ ಗೋಡೆ ಹೊಸ ಗೋಡೆಯೇ. ಬೀದಿ ಕಡೆಯ ಗೋಡೆ ಬಿಸಿಲಿಗೆ ಒಣಗಿ ಕೂದಲೆಳೆಯಂಥ ಬಿರುಕು ಬಿಟ್ಟಿದೆ. ಕ್ಯೂರಿಂಗ್ ಮಾಡುವವರು ಒಬ್ಬರೂ ಕಾಣಲಿಲ್ಲ. ಕಾಣಲಿಲ್ಲವೆಂದು ಆ ಕಡೆ ಹೋಗಿಬಂದವರು ಹೇಳಿದರು. ಬೆಳಿಗ್ಗೆ, ಸಂಜೆ ಚೆನ್ನಾಗಿ ನೀರು ಹೊಡೆಯಬೇಕೆಂದು ಆ ಹುಡುಗಿಗೆ ತಿಳಿಸು. ಹೊಸ ಗೋಡೆಯನ್ನು ಹೀಗೆ ಒಣಗಲು ಬಿಟ್ಟಿರುವುದನ್ನು ನನ್ನ ಸರ್ವಿಸಿನಲ್ಲಿ ಕಂಡಿಲ್ಲ.

ನಿನಗೆ ಬಿಸಿಲು ಆಗುವುದಿಲ್ಲ. ತಲೆಗೆ ಟೋಪಿ ಹಾಕಿಕೋ.

ಇತಿ,
ಅನಂತಪದ್ಮನಾಭ

*

ಇಟ್ಟಮಡು
22 ಫೆಬ್ರವರಿ 2025

ಅಣ್ಣ, ಬಾಗಿಲು ಸಿಕ್ಕಿತು.

ಬಸವನಗುಡಿಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಅಲ್ಲಿಗೆ ಓಡಿದೆ. ತೇಗದ ಬಾಗಿಲು, ಎರಡು ರೆಕ್ಕೆಯದು, ಹಿತ್ತಾಳೆಯ ಚಿಲಕ, ಮೇಲೆ ಗಜಲಕ್ಷ್ಮಿಯ ಕೆತ್ತನೆ. ಇನ್ನೊಬ್ಬ ಆಸಾಮಿ ಅದನ್ನು ಯಾವುದೋ ರೆಸಾರ್ಟಿನ ಬಾರಿಗೆ ಒಯ್ಯುತ್ತೇನೆ ಅಂತ ಬಂದಿದ್ದ. ಹಳೇ ಶಿಷ್ಯರನ್ನು ಗದರುವ ದನಿಯಲ್ಲಿ "ಲಕ್ಷ್ಮೀನ ಬಾರಲ್ಲಿ ನಿಲ್ಲಿಸ್ತೀಯೇನಪ್ಪ?" ಅಂದೆ. ಅವನು "ಸಾರಿ ಆಂಟಿ" ಅಂತ ಹಿಂದೆ ಸರಿದ. ನಾಲ್ಕು ಕಿಟಕಿ, ಹದಿನಾರು ತೊಲೆಗಳೂ ಸಿಕ್ಕವು. ಇಡೀ ದಿನ ಹುಚ್ಚು ಹಿಡಿದವಳ ಹಾಗೆ ಆ ಬಾಗಿಲನ್ನು ತೆಗೆಯುವುದು, ಮುಚ್ಚುವುದು. ಗೋಡೆಯೇ ಇಲ್ಲದೆ ಶೆಡ್ಡಿನಲ್ಲಿ ಒರಗಿಸಿಟ್ಟ ಬಾಗಿಲು ಅದು.

ನೀರಿನ ವಿಷಯ ಸಮನ್ವಿತಾಗೆ ಹೇಳುತ್ತೇನೆ.

ಒಂದು ಚಿಕ್ಕ ತಲೆನೋವು ಶುರುವಾಗಿದೆ. ಬೀದಿ ಕಡೆಯ ಗೋಡೆ ಬೆಳಿಗ್ಗೆ ನೋಡಿದರೆ ಒದ್ದೆ ಇರುತ್ತದೆ. ಸಮನ್ವಿತಾ ಮಂಜು ಅಂದಳು. ಫೆಬ್ರವರಿಯಲ್ಲಿ ಇಷ್ಟು ಮಂಜೆಲ್ಲಿ? ನನ್ನ ಅನುಮಾನ ಎದುರು ಮನೆಯ ರಾಮಪ್ರಸಾದರ ಮೇಲೆ. ಬೆಳಿಗ್ಗೆ ಎದ್ದು ಕಾರು ತೊಳೆಯುವ ಜನ ಇವರು. ನಿನ್ನೆ ಹೋಗಿ ಕೇಳಿಯೇಬಿಟ್ಟೆ. "ಮೇಡಂ, ನನ್ ಕಾರು ತೊಳೆಯೋದು ವಾರಕ್ಕೊಂದ್ಸಲ, ಅದೂ ಒಂದು ಬಕೆಟ್ಟಲ್ಲಿ" ಅಂದರು. "ಹಾಗಾದ್ರೆ ನನ್ನ ಗೋಡೆಗೆ ಯಾರು ಸ್ನಾನ ಮಾಡಿಸ್ತಿದಾರೆ?" ಅಂದೆ. ಅವರು ಬಾಗಿಲು ಹಾಕಿಕೊಂಡರು. ಪೈಪು ಬಚ್ಚಿಟ್ಟಿದ್ದಾರೆ ಅಂತ ನನಗೆ ಖಾತ್ರಿ.

ಅಂದ ಹಾಗೆ, ಗೋಡೆ ಬಿರುಕು ಬಿಟ್ಟದ್ದು ನಿನಗೆ ಹೇಳಿದವರು ಯಾರು? ಅತ್ತಿಗೆಯಂತೂ ಈ ಕಡೆ ಬಂದಿಲ್ಲ.

ಟೋಪಿ ಹಾಕಿಕೊಂಡಿದ್ದೇನೆ.

ಕಾತಿ

*

ಇಟ್ಟಮಡು
9 ಮಾರ್ಚ್ 2025

ಅಣ್ಣ,

ಅಡುಗೆಮನೆ ಗೋಡೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಮೊದಲು ಅದನ್ನು ಹೇಳಿಬಿಡುತ್ತೇನೆ.

ಶುಕ್ರವಾರ ಮೂರನೇ ಸುತ್ತು ಏರಿಸಿದ್ದರು. ಶನಿವಾರ ಬೆಳಿಗ್ಗೆ ಬಂದು ನೋಡಿದರೆ ಗೋಡೆಯ ಬುಡ ಹೊಟ್ಟೆ ಬಿಟ್ಟಿದೆ. ಸಮನ್ವಿತಾ "ಎಲ್ಲಾ ದೂರ ಬನ್ನಿ" ಅನ್ನುತ್ತಿದ್ದ ಹಾಗೆಯೇ ಸದ್ದಿಲ್ಲದೆ ಕೂತುಕೊಂಡುಬಿಟ್ಟಿತು. ನಾನು ಮೊದಲ ಮುದ್ದೆ ಇಟ್ಟ ಗೋಡೆ. ಸಮನ್ವಿತಾ ಮಣ್ಣನ್ನು ಹಿಂಡಿದರೆ ಬೆರಳ ಸಂದಿಯಿಂದ ನೀರು ಇಳಿಯಿತು. ಆ ಮಗುವಿನ ಮುಖ ನೋಡಲಾಗಲಿಲ್ಲ. ತನ್ನ ಲೆಕ್ಕವೇ ತಪ್ಪಿತು ಅಂದುಕೊಂಡು ಅಳುತ್ತಿದ್ದಳು. ನೀನು ಹೇಳಿದ್ದೇ ನಿಜವಾಯಿತು ಅಂತ ನನಗೂ ಅನ್ನಿಸಿತು. ನಿನಗೆ ಏನೆಂದು ಬರೆಯಲಿ ಅಂತ ಯೋಚಿಸುತ್ತ ಕಲ್ಲಿನ ಮೇಲೆ ಕೂತಿದ್ದೆ.

ಆಗ ಬೈಲಪ್ಪ ಟೀ ತಂದ. ಬೆಳಿಗ್ಗೆ ಇಲ್ಲಿಗೆ ನೀರು ಎಲ್ಲಿಂದ ಬರುತ್ತಿದೆ ಅಂತ ಒಂದು ದಿನವಾದರೂ ನೋಡಬಾರದಾ ಅಂತ ಅವನ ಮೇಲೆ ರೇಗಿದೆ.

"ನೀರಾ? ಅದು ನಿಮ್ಮಣ್ಣಾವ್ರು ಹೊಡೆಯೋದು ಅಲ್ವಾ ಮೇಡಂ" ಅಂದ.

"ಯಾವ ಅಣ್ಣ?"

"ಅದೇ, ದಪ್ಪ ಕನ್ನಡಕದ ಇಂಜಿನಿಯರ್ ಸಾಹೇಬ್ರು. ಮೊದಲ್ನೇ ಬಸ್ಸಿಗೆ ಬತ್ತಾರೆ. ಸೈಟ್ ಒಳಕ್ಕೆ ಕಾಲಿಡಕಿಲ್ಲ, ರೋಡಲ್ಲೇ ನಿಂತ್ಕಂಡು ಪೈಪ್ ಇಸ್ಕಂತಾರೆ. ಪಾಪ, ಕೈ ನಡುಗ್ತದೆ, ಕೊಡಿ ನಾನ್ ಹೊಡೀತೀನಿ ಅಂದ್ರೂ ಕೊಡಕಿಲ್ಲ. ನನ್ ತಂಗಿ ಮನೆ, ನಾನೇ ಹೊಡೀತೀನಿ ಅಂತಾರೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದಿದ್ರು. ಕ್ಯೂರಿಂಗ್ ತಾನೆ ಮೇಡಂ, ಎಲ್ಲಾ ಬಿಲ್ಡಿಂಗಿಗೂ ಮಾಡ್ತಾರೆ."

ಅಣ್ಣ, ಸಿಮೆಂಟಿಗೆ ನೀರು ಕುಡಿಸಿದಷ್ಟೂ ಗಟ್ಟಿ. ಮಣ್ಣಿನ ಗೋಡೆ ಗಟ್ಟಿಯಾಗುವುದು ಒಣಗಿ. ಅದಕ್ಕೆ ನೀರು ಹಾಕಬಾರದು. ಇಷ್ಟನ್ನು ನಿನಗೆ ಬರೆಯಬೇಕಿತ್ತು. ನೀರು ಹೊಡೆಯಬೇಕೆಂದು ನೀನು ಬರೆದಿದ್ದೆ, ನಾನು ಬಾಗಿಲಿನ ಸಡಗರದಲ್ಲಿ ಒಂದು ಸಾಲಿನಲ್ಲಿ ಹಾರಿಸಿಬಿಟ್ಟೆ.

ನನಗೆ ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೀನು ಬೀದಿಯಲ್ಲಿ ನಿಂತು ಪೈಪು ಹಿಡಿದದ್ದು ಕಣ್ಣಿಗೆ ಕಟ್ಟಿ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಬೈಲಪ್ಪ ಗಾಬರಿಯಾಗಿ ಲಕ್ಷ್ಮಮ್ಮನವರನ್ನು ಕರೆದುಕೊಂಡು ಬಂದ. ರಾಮಪ್ರಸಾದರ ಮನೆಗೆ ಕೊಬ್ಬರಿ ಮಿಠಾಯಿ ಒಯ್ದು ಕ್ಷಮೆ ಕೇಳಿ ಬಂದೆ. ವಿಷಯ ತಿಳಿದು ಅವರು ಮಿಠಾಯಿ ಕೈಯಲ್ಲಿ ಹಿಡಿದೇ ಬಿದ್ದು ಬಿದ್ದು ನಕ್ಕರು.

ನೀನು ಬಂದಿದ್ದೆ. ಮೂರು ವಾರ ದಿನವೂ ಬಂದಿದ್ದೆ. ನನಗೆ ಗೋಡೆ ಬಿದ್ದ ಸಂಕಟಕ್ಕಿಂತ ಆ ಸಂತೋಷವೇ ಹೆಚ್ಚಾಗಿದೆ.

ನಿನ್ನ ಕಾತಿ

*

ಇಟ್ಟಮಡು
16 ಮಾರ್ಚ್ 2025

ಅಣ್ಣ,

ನೀನು ಮುಖ ತೋರಿಸಲಿಲ್ಲ. ಅತ್ತಿಗೆ ಫೋನ್ ಮಾಡಿದ್ದಳು. ವಾಕಿಂಗ್ ಬಿಟ್ಟೆಯಂತೆ, ಊಟ ಅರ್ಧಕ್ಕೇ ಬಿಟ್ಟು ಏಳುತ್ತೀಯಂತೆ, "ನನ್ನ ಕೈಯಿಂದಲೇ ಅವಳ ಗೋಡೆ ಬಿತ್ತು, ಇನ್ನು ಯಾವ ಮುಖ ಇಟ್ಕೊಂಡು ಆ ಮಣೆ ಮೇಲೆ ಕೂರಲಿ" ಅಂದೆಯಂತೆ.

ನೀನು ಕಟ್ಟಿಸಿದ್ದು ಬಿದ್ದರೆ ಲಾರಿಗೆ ತುಂಬಿ ಎಲ್ಲಾದರೂ ಸುರಿದು ಬರಬೇಕು. ನನ್ನ ಗೋಡೆ ಬಿದ್ದರೆ ಅದೇ ಮಣ್ಣು ಮತ್ತೆ ಗೋಡೆಯಾಗುತ್ತದೆ. ಒಂದು ಬೊಗಸೆಯೂ ವ್ಯರ್ಥವಾಗಿಲ್ಲ. ಸಮನ್ವಿತಾ ಅದನ್ನು ಗುಂಡಿಗೆ ಹಾಕಿಸಿ, ಹೊಸ ಹುಲ್ಲು ಸೇರಿಸಿ ನೆನೆಸಿದ್ದಾಳೆ. ತನ್ನ ತಪ್ಪಲ್ಲ ಅಂತ ತಿಳಿದ ಮೇಲೆ ಅವಳ ಉತ್ಸಾಹ ಹಿಡಿಯುವ ಹಾಗಿಲ್ಲ. ಮುಂದಿನ ಭಾನುವಾರ ತುಳಿಯುತ್ತೇವೆ. ನೀನು ಕೆಡವಿದ ಗೋಡೆ, ನೀನೇ ಬಂದು ತುಳಿ.

ಹೊಸಿಲಿನ ಮಾತು ಎತ್ತಬೇಡ. ಹೊಸಿಲು ಇನ್ನೂ ಬಡಗಿಯ ಹತ್ತಿರ ಇದೆ. ಇಲ್ಲದ ಹೊಸಿಲನ್ನು ತುಳಿಯುವುದು ಹೇಗೆ?

ನೀನು ಬರುವ ತನಕ ಆ ಮಣ್ಣನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಕಾತಿ

*

ಜಯನಗರ
25 ಮಾರ್ಚ್ 2025

ಪ್ರೀತಿಯ ಕಾತಿಗೆ,

ಭಾನುವಾರದಿಂದ ಮಂಡಿ ಎರಡೂ ಹಿಡಿದುಕೊಂಡಿವೆ. ನಿನ್ನ ಅತ್ತಿಗೆ ಎಣ್ಣೆ ಹಚ್ಚುತ್ತ ಬಯ್ಯುತ್ತಿದ್ದಾಳೆ, ಬಯ್ಯುತ್ತ ನಗುತ್ತಿದ್ದಾಳೆ. ಉಗುರಿನ ಸಂದಿಯ ಕೆಂಪು ಇನ್ನೂ ಹೋಗಿಲ್ಲ. ನಿನ್ನೆ ಬ್ಯಾಂಕಿನಲ್ಲಿ ಒಬ್ಬರು ನನ್ನ ಕಾಲು ನೋಡಿ ಏನಾಯಿತು ಅಂದರು. ತಂಗಿಯ ಮನೆ ಕಟ್ಟುತ್ತಿದ್ದೇವೆ ಅಂದೆ. ಹೇಳಿದ ಮೇಲೆ, "ಕಟ್ಟುತ್ತಿದ್ದೇವೆ" ಎಂದೆನಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಸರ್ವಿಸಿನಲ್ಲಿ ಅಷ್ಟೊಂದು ಕಟ್ಟಡ ಕಟ್ಟಿಸಿದೆ. ಒಂದು ಗೋಡೆಯನ್ನೂ ನಾನು ಕೈಯಿಂದ ಮುಟ್ಟಿರಲಿಲ್ಲ. ನಕ್ಷೆ ನೋಡುವುದು, ದೂರದಿಂದ ಬೆರಳು ತೋರಿಸುವುದು, ಜೀಪು ಹತ್ತುವುದು. ಮೊನ್ನೆ ಗುಂಡಿಗೆ ಇಳಿದಾಗ ಕಾಲು ಹೂತು, ಮೊದಲು ಹೆದರಿದೆ. ಸಮನ್ವಿತಾ ಕೈ ಕೊಟ್ಟಳು. "ಅಂಕಲ್, ನಿಮ್ಮ ಕ್ಯೂರಿಂಗ್ ಸಖತ್ತಾಗಿತ್ತು, ಕಾಂಕ್ರೀಟಾಗಿದ್ರೆ ನೂರು ವರ್ಷ ಬರ್ತಿತ್ತು" ಅಂದಳು. ಜಾಣೆ. ಅವಳನ್ನು ಇನ್ನು ಮುಂದೆ ಹೆಸರಿನಿಂದಲೇ ಕರೆಯುತ್ತೇನೆ. ಹುಲ್ಲು ಮಣ್ಣನ್ನು ಹಿಡಿದುಕೊಳ್ಳುವುದು ನಮ್ಮ ಕಬ್ಬಿಣದ ಸರಳಿನ ಕೆಲಸವೇ. ಅವಳಿಗೆ ಅದನ್ನು ವಿವರಿಸಿದೆ. ಅವಳಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ, ಆದರೂ ಕೇಳಿಸಿಕೊಂಡಳು. ಮುದ್ದೆ ಬಡಿದು ಎರಡಡಿ ಏರಿಸುವಷ್ಟರಲ್ಲಿ ಸಂಜೆಯಾದದ್ದೇ ತಿಳಿಯಲಿಲ್ಲ. ನನಗೆ ಹಾಗೆ ಹೊತ್ತು ಹೋಗಿ ಬಹಳ ಕಾಲವಾಗಿತ್ತು ಕಾತಿ.

ಒಂದು ವಿಷಯ ಬರೆಯಬೇಕು. ಎದುರಿಗೆ ಹೇಳಲು ನನಗೆ ಬರುವುದಿಲ್ಲ. ಮಣ್ಣು ಬರೀ ನೆಪ. ನೀನು ಚಿನ್ನದ ಇಟ್ಟಿಗೆಯಲ್ಲಿ ಕಟ್ಟುತ್ತೇನೆ ಅಂದಿದ್ದರೂ ನಾನು ಜಗಳ ತೆಗೆಯುತ್ತಿದ್ದೆ. ನೀನು ಹೋಗುತ್ತೇನೆ ಅಂದದ್ದನ್ನು ನನಗೆ ಸಹಿಸಲಾಗಲಿಲ್ಲ. ನಮ್ಮ ಮನೆಯಲ್ಲಿ ನಿನಗೆ ಏನು ಕಡಿಮೆಯಾಯಿತು ಎಂದು ಕೇಳಬೇಕಿತ್ತು. ಕೇಳಿದರೆ ನೀನು ಏನಾದರೂ ಹೇಳಿಬಿಡುತ್ತೀಯೆಂದು ಭಯವಾಗಿ ಮಣ್ಣನ್ನು ಬಯ್ದೆ.

ಮುಹೂರ್ತ ಗೊತ್ತುಮಾಡಿಸು. ಮಣೆಯ ಮೇಲೆ ಕೂರಲು ಮಂಡಿ ಬಗ್ಗದಿದ್ದರೆ ಕುರ್ಚಿ ಹಾಕಿಸು.

ನಿನ್ನ
ಅಣ್ಣ

*

ಇಟ್ಟಮಡು, ನನ್ನ ಮನೆ
20 ಮೇ 2025

ಅಣ್ಣ,

ಗೃಹಪ್ರವೇಶದ ದಿನ ಅಷ್ಟು ಜನರ ನಡುವೆ ಮಾತಾಡಲು ಆಗಲಿಲ್ಲ. ಫೋನಿನಲ್ಲಿ ಈಗ ದಿನವೂ ಮಾತಾಡುತ್ತೀಯ, ಆದರೆ ನಿನ್ನ ಮಾತೆಲ್ಲ ತೊಲೆ, ಹೆಂಚು, ಮಾಡಿನ ಅಂಚಿನ ಮಳೆನೀರಿನ ದೋಣಿ ಇಷ್ಟೇ. ನೀನು ಮಾರ್ಚಿನಲ್ಲಿ ಬರೆದದ್ದಕ್ಕೆ ಉತ್ತರ ನನ್ನ ಮೇಲೆ ಬಾಕಿ ಇದೆ.

ಮೊದಲು ಮನೆಯ ಸುದ್ದಿ. ನಿನ್ನೆ ಸುರಿದ ಮಳೆಗೆ ರಸ್ತೆಯೆಲ್ಲ ಹೊಳೆಯಾಗಿತ್ತು. ನಾನು ಟಾರ್ಚು ಹಿಡಿದು ಒಂದೊಂದೇ ಗೋಡೆ ಸವರಿ ನೋಡಿದೆ. ಒಂದು ಹನಿ ಒಳಗೆ ಬಂದಿಲ್ಲ. ಕಲ್ಲು ಒದ್ದೆ, ಮಣ್ಣು ಬೆಚ್ಚಗೆ ಒಣಗಿದೆ. ಮಳೆಯಲ್ಲೇ ಅಂಗಳಕ್ಕೆ ಹೋಗಿ ಮಾಡನ್ನು ನೋಡುತ್ತ ನೆನೆದೆ. ಲಕ್ಷ್ಮಮ್ಮ ಬಾಲ್ಕನಿಯಿಂದ "ಒಳಕ್ಕೋಗಿ ಮೇಡಂ, ಗೋಡೆ ಕರಗಲ್ಲ, ನೀವು ಕರಗ್ತೀರ" ಎಂದು ಕೂಗಿದರು. ಅವರು ಈಗ ಮಧ್ಯಾಹ್ನ ಮಲಗಲು ಇಲ್ಲಿಗೇ ಬರುತ್ತಾರೆ. ಅವರ ಮೂರು ಮಹಡಿಯಲ್ಲಿ ಸೆಕೆಯಂತೆ.

ಈಗ ಉತ್ತರ. ನಿನ್ನ ಮನೆಯಲ್ಲಿ ನನಗೆ ಏನೂ ಕಡಿಮೆಯಾಗಲಿಲ್ಲ. ಅತ್ತಿಗೆ ಒಂದು ದಿನ ಮುಖ ಗಂಟು ಹಾಕಿಕೊಂಡವಳಲ್ಲ. ನೀನು ನನ್ನ ಸಂಬಳದಲ್ಲಿ ಒಂದು ಕಾಸು ಮುಟ್ಟಿದವನಲ್ಲ. ಆದರೆ ಮೂವತ್ತು ವರ್ಷದಲ್ಲಿ "ನಮ್ಮ ಮನೆಗೆ ಬನ್ನಿ" ಎಂದು ಯಾರನ್ನು ಕರೆಯುವಾಗಲೂ ನನಗೆ ನಾಲಿಗೆ ಒಂದು ಕ್ಷಣ ತಡೆಯುತ್ತಿತ್ತು. ನೀವಿಬ್ಬರೂ ತಡೆದದ್ದಲ್ಲ, ಅದೇ ತಡೆಯುತ್ತಿತ್ತು. ಸಾಯುವುದರೊಳಗೆ ಒಂದು ಸಲ ತಡೆಯಿಲ್ಲದೆ ಕರೆಯಬೇಕು ಅನ್ನಿಸಿತು. ಇಷ್ಟೇ ಅಣ್ಣ, ಬೇರೇನೂ ಇಲ್ಲ.

ಇನ್ನೊಂದು ನಿಜ ಹೇಳುತ್ತೇನೆ. ಇಷ್ಟು ಕುಣಿದು ಕಟ್ಟಿದ ಮನೆಯಲ್ಲಿ ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಮನೆ ಚೆನ್ನಾಗಿದೆ, ತಂಪಾಗಿದೆ, ಹುಲ್ಲಿನ ಪರಿಮಳ ಇದೆ. ನಿನ್ನ ಕೆಮ್ಮು ಮಾತ್ರ ಇಲ್ಲ. ಅದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ದಿನ ಬೇಕು.

ನಿನ್ನ
ಕಾತಿ

*

ಜಯನಗರ
28 ಮೇ 2025

ಪ್ರೀತಿಯ ಕಾತಿಗೆ,

ನಿನ್ನ ಪತ್ರವನ್ನು ನಾವಿಬ್ಬರೂ ಓದಿದೆವು. ನಿನ್ನ ಅತ್ತಿಗೆ ಎದ್ದು ಹೋಗಿ ಕಾಫಿ ಮಾಡಿದಳು.

ವಿಷಯ ಏನೆಂದರೆ, ಒಂದೇ ಮಳೆಯನ್ನು ನೋಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಇಂಥ ಕಟ್ಟಡದ ವರ್ತನೆಯನ್ನು ಮೊದಲ ಮಳೆಗಾಲದಲ್ಲಿ ಅನುಭವಸ್ಥರು ಯಾರಾದರೂ ಸ್ಥಳದಲ್ಲೇ ಇದ್ದು ಗಮನಿಸುವುದು ಒಳ್ಳೆಯದು. ದೋಣಿಯಲ್ಲಿ ಎಲೆ ಕಟ್ಟಿದರೆ ನೀನು ಏಣಿ ಹತ್ತುತ್ತೀಯ, ಅದು ನನಗೆ ಗೊತ್ತು. ನಿನ್ನ ಅತ್ತಿಗೆಗೂ ಜಾಗ ಬದಲಾದರೆ ಹಿತ. ನಿನ್ನ ಖಾಲಿ ಕೋಣೆಯಲ್ಲಿ ಕೂರುವುದನ್ನು ಅವಳು ಇನ್ನೂ ಬಿಟ್ಟಿಲ್ಲ.

ಆದ್ದರಿಂದ ನಾವು ಕೆಲವು ದಿನ ಅಲ್ಲಿಗೆ ಬಂದು ಇರಬಹುದೇ? ನಿನಗೆ ತೊಂದರೆಯಾಗುವುದಾದರೆ ಸಂಕೋಚವಿಲ್ಲದೆ ಹೇಳು. ನಿನ್ನ ಮನೆ, ನಿನ್ನ ಅನುಕೂಲ ನೋಡಿಕೊಂಡು ತಿಳಿಸಬೇಕು. ಕೇಳುವುದು ನಮ್ಮ ಧರ್ಮ ಎಂದು ಕೇಳಿದ್ದೇನೆ.

ನಿನ್ನ
ಅಣ್ಣ

*

ಇಟ್ಟಮಡು
31 ಮೇ 2025

ಅಣ್ಣ,

ನಿನ್ನ ಕಾಗದ ಓದಿ ತುಂಬ ಸಿಟ್ಟು ಬಂದಿದೆ.

ಅಪ್ಪ ಹೋದ ವರ್ಷ ನಾನು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ನಿನ್ನ ಬಾಗಿಲಿಗೆ ಬಂದೆ. ಬರುತ್ತೇನೆ ಅಂತ ಬರೆದಿರಲಿಲ್ಲ. ಇರಬಹುದೇ ಅಂತ ಕೇಳಲಿಲ್ಲ. ಎಷ್ಟು ದಿನ ಇರುತ್ತೇನೆ ಅಂತ ಹೇಳಲೂ ಇಲ್ಲ. ನೀನು ಬಾಗಿಲು ತೆಗೆದು, "ಬಂದ್ಯಾ, ಕೈಕಾಲು ತೊಳ್ಕೊ, ಎಲೆ ಹಾಕಿದೆ" ಅಂದೆ. ಮೂವತ್ತು ವರ್ಷಕ್ಕೂ ಸೇರಿಸಿ ನೀನು ಆಡಿದ್ದು ಅದೊಂದೇ ಮಾತು.

ಅತ್ತಿಗೆಯನ್ನು ಕರೆದುಕೊಂಡು ಹಾಗೇ ಬಾ. ಬಾಗಿಲು ತೆಗೆದು ನಾನೂ ಅಷ್ಟೇ ಹೇಳುತ್ತೇನೆ.

ನಿನ್ನ
ಕಾತಿ